ಕೊಡಗಿನಲ್ಲಿ ಮುತ್ಸದ್ದಿ ಅಂತ ಯಾರನ್ನು ಕರೀಬೇಕು?

ಬಾಣೆಮನೆ (ವಿರಾಜಪೇಟೆ):
ಈಗ ಯಾವ ಪೇಟೆಗೆ ಹೋದರೂ ಬ್ಯಾನರ್‌ನಲ್ಲಿ ಒಬ್ಬರಲ್ಲ ಒಬ್ಬರು ‘ಹಿರಿಯ ಮುತ್ಸದ್ದಿ’ ಇದ್ದೇ ಇರುತ್ತಾರೆ. ಹುಟ್ಟುಹಬ್ಬಕ್ಕೆ ಮುತ್ಸದ್ದಿ. ಪಕ್ಷ ಬದಲಿಸಿ ಬಂದರೆ ಮುತ್ಸದ್ದಿ. ತೀರಿಕೊಂಡರಂತೂ ಕೇಳುವುದೇ ಬೇಡ. ನನಗೆ ಇದು ಸರಿ ಕಾಣುತ್ತಿಲ್ಲ. ನಾಲ್ಕು ಸಲ ಗೆದ್ದವರು ಅನುಭವಿ ರಾಜಕಾರಣಿ, ಅಷ್ಟೇ. ಮುತ್ಸದ್ದಿ ಅನ್ನಿಸಿಕೊಳ್ಳಲು ಇನ್ನೇನೋ ಬೇಕು ಅಲ್ವಾ?

ನನ್ನ ಅಳತೆ ಹೇಳಿಬಿಡುತ್ತೇನೆ. ಕೈಯಲ್ಲಿ ಅಧಿಕಾರ ಇರುವಾಗಲೇ, ತನ್ನ ಕುರ್ಚಿಗೆ ನಷ್ಟ ಆಗುತ್ತದೆ ಅಂತ ಗೊತ್ತಿದ್ದೂ, ಮುಂದೆ ಬರುವವರಿಗೆ ಒಳ್ಳೆಯದು ಅಂತ ನಂಬಿದ ಕೆಲಸ ಮಾಡಬೇಕು. ಹಾಗೆ ನೋಡಿದರೆ ನಮ್ಮ ಜಿಲ್ಲೆಯಲ್ಲಿ ನನಗೆ ಮೊದಲು ನೆನಪಾಗುವುದು ಸಿ.ಎಂ. ಪೂಣಚ್ಚ. ಕೊಡಗು ಆಗ ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯ. ಜನಸಂಖ್ಯೆ ಎರಡೂಕಾಲು ಲಕ್ಷದ ಹತ್ತಿರ. 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ ಕಾಂಗ್ರೆಸ್ 15 ಗೆದ್ದು ಪೂಣಚ್ಚ ಮುಖ್ಯಮಂತ್ರಿ ಆದರು. ಸಂಪುಟದಲ್ಲಿ ಅವರೂ ಸೇರಿ ಇಬ್ಬರೇ ಮಂತ್ರಿಗಳು. ಸಣ್ಣದಾದರೂ ಅದು ರಾಜ್ಯ, ಅದರ ಯಜಮಾನ ಅವರು. ಆದರೂ ಮೈಸೂರಿನ ಜೊತೆ ಸೇರಬೇಕು ಅನ್ನುವ ಕಡೆ ನಿಂತರು. 1956ರ ನವೆಂಬರ್ 1ರಂದು ರಾಜ್ಯವೂ ಹೋಯಿತು, ಮುಖ್ಯಮಂತ್ರಿ ಪಟ್ಟವೂ ಹೋಯಿತು. ತಾನು ಕೂತ ಕುರ್ಚಿಯನ್ನೇ ಇಲ್ಲದಂತೆ ಮಾಡುವ ನಿಲುವಿಗೆ ಬೆಂಬಲ ಕೊಟ್ಟ ಇನ್ನೊಬ್ಬ ಮುಖ್ಯಮಂತ್ರಿಯ ಹೆಸರು ಸುಲಭಕ್ಕೆ ಸಿಗುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ? ಹೆಸರು ಮಾತ್ರ ಬೇಡ, ಕಾರಣವೂ ಬರೆಯಿರಿ.

ಏಲಕ್ಕಿ ಹುಡುಗ (ಪೊನ್ನಂಪೇಟೆ):
ಅಣ್ಣಾ, ನಾನು ಒಪ್ಪುವುದಿಲ್ಲ. ಕುರ್ಚಿ ಹೋಯಿತು ಅಂತೀರಿ. ಆಮೇಲೆ ಅವರು 1967ರಿಂದ 69ರವರೆಗೆ ಕೇಂದ್ರದಲ್ಲಿ ರೈಲ್ವೆ ಮಂತ್ರಿ ಆಗಿದ್ದರು. ಮಧ್ಯಪ್ರದೇಶಕ್ಕೂ ಒರಿಸ್ಸಾಕ್ಕೂ ರಾಜ್ಯಪಾಲರಾಗಿ ಹೋದರು. ಅವರಿಗೆ ಬಾಗಿಲು ಮುಚ್ಚಲಿಲ್ಲ. ಮುಚ್ಚಿದ್ದು ಕೊಡಗಿಗೆ. 24 ಜನ ಶಾಸಕರು ಕೂತು ನಮ್ಮದೇ ರಸ್ತೆ, ನಮ್ಮದೇ ಶಾಲೆ ಅಂತ ಮಾತಾಡುತ್ತಿದ್ದ ಸಭೆ ಇತ್ತು. ಈಗ ವಿಧಾನಸಭೆಯಲ್ಲಿ ನಮಗೆ ಎರಡೇ ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. ಸೋಮವಾರಪೇಟೆ ಇತ್ತು, 2008ರಿಂದ ಅದೂ ಇಲ್ಲ. ಲೋಕಸಭೆಗೆ ಮೈಸೂರಿನ ಜೊತೆ ಸೇರಿಸಿದ್ದಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ನಮ್ಮ ಪರ ಗಟ್ಟಿಯಾಗಿ ಮಾತಾಡುವ ದನಿ ಎಷ್ಟಿದೆ ಅಂತ 2018ರಲ್ಲಿ ನೋಡಿದ್ದೇವೆ.

ಸೋಮವಾರಪೇಟೆ ಮೇಷ್ಟ್ರು:
ಇಬ್ಬರ ಮಾತಿನಲ್ಲೂ ಹುರುಳಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಮಾತು ಎಲ್ಲಿಂದ ಬಂತು ಅಂತ ನೋಡೋಣ. ನಾವೆಲ್ಲ ಮುತ್ಸದ್ದಿ ಅಂದರೆ ದೊಡ್ಡ ಮನುಷ್ಯ ಅಂತಲೇ ಹಿಡಿದುಕೊಂಡಿದ್ದೇವೆ.

ಮೂಲ ಅರಬ್ಬಿ. ಒಂದು ಕೆಲಸವನ್ನು ತಲೆ ಮೇಲೆ ಹೊತ್ತುಕೊಂಡವನು ಅಂತ ಅರ್ಥ. ಮೊಗಲರ ಕಾಲದಲ್ಲಿ ಸೂರತ್ ಬಂದರಿನ ಆಡಳಿತ ನಡೆಸುವ ಅಧಿಕಾರಿಗೆ ಮುತ್ಸದ್ದಿ ಅಂತಲೇ ಹೆಸರು. ಉತ್ತರದ ಕಡೆ ಲೆಕ್ಕ ಬರೆಯುವ ಗುಮಾಸ್ತನಿಗೂ ಇದೇ ಹೆಸರಿತ್ತು. ಮರಾಠಿಯಲ್ಲಿ ಮತ್ತು ನಮ್ಮಲ್ಲಿ ಅದು ಮೇಲೇರಿ, ರಾಜಕಾರಣ ಬಲ್ಲ ಜಾಣ ಅನ್ನುವ ಅರ್ಥಕ್ಕೆ ಬಂತು. ಅದರ ಇನ್ನೊಂದು ಮುಖ ಮಾತ್ರ ಹೋಗಲಿಲ್ಲ. ನಮ್ಮ ಹಿರಿಯರು ‘ಅವನು ದೊಡ್ಡ ಮುತ್ಸದ್ದಿ ಕಣಯ್ಯಾ’ ಅಂದರೆ, ಅವನ ಹತ್ತಿರ ಸ್ವಲ್ಪ ಹುಷಾರಾಗಿರು ಅಂತಲೂ ಆಗುತ್ತಿತ್ತು.

ಪೂರ್ಣಯ್ಯನವರನ್ನು ನೋಡಿ. ಹೈದರಾಲಿಯ ಹತ್ತಿರ ಇದ್ದರು, ಟಿಪ್ಪುವಿನ ಹತ್ತಿರ ಇದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಪೂರ್ಣಯ್ಯ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದಿವಾನರಾದರು, 1811ರವರೆಗೆ ರಾಜ್ಯ ನಡೆಸಿದರು. ಮೂರು ಯಜಮಾನರು, ಒಬ್ಬನೇ ಆಡಳಿತಗಾರ. ನಿಷ್ಠೆ ನೋಡುವವರಿಗೆ ಇದು ಒಪ್ಪಿಗೆ ಆಗುವುದಿಲ್ಲ. ನನ್ನ ಮಟ್ಟಿಗೆ ಅವರು ಮುತ್ಸದ್ದಿಯೇ. ರಾಜ್ಯ ಕೈ ಬದಲಾಗುವಾಗ ಕಂದಾಯ, ಕೆರೆ, ಲೆಕ್ಕ ಒಂದೂ ಕೆಡದಂತೆ ಕಾಯುವುದು ಸಣ್ಣ ಕೆಲಸ ಅಲ್ಲ.

ಬಾಣೆಮನೆಯವರ ಅಳತೆ ಚೆನ್ನಾಗಿದೆ. ಆದರೆ ಅದರಲ್ಲಿ ತ್ಯಾಗ ಮಾತ್ರ ಇದೆ, ಜಾಣತನ ಇಲ್ಲ. ತ್ಯಾಗಿಗಳೆಲ್ಲ ಮುತ್ಸದ್ದಿ ಆಗುವುದಿಲ್ಲ.

ಗಾಳಿಬೀಡು:
ಮೇಷ್ಟ್ರೇ, ಜಾಣತನವೇ ಸಾಕು ಅನ್ನುವುದಾದರೆ ನಮ್ಮ ಊರಿನ ಲೆಕ್ಕವನ್ನೂ ತೆಗೆಯಬೇಕಾಗುತ್ತದೆ. 1834ರಲ್ಲಿ ಕಂಪನಿಯವರು ಬಂದರು. ಚಿಕ್ಕವೀರರಾಜೇಂದ್ರನನ್ನು ಇಳಿಸಿದರು, ಕೊಡಗನ್ನು ತಮ್ಮದು ಮಾಡಿಕೊಂಡರು. ರಾಜನ ದಿವಾನರಾಗಿದ್ದ ಚೆಪ್ಪುಡೀರ ಪೊನ್ನಪ್ಪ ಕಂಪನಿ ಆಡಳಿತದಲ್ಲೂ ದಿವಾನರಾಗಿಯೇ ಉಳಿದರು. ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯದ ಕಡೆಯಿಂದ ರೈತರ ದಂಡು ಎದ್ದಿತು, ಮಂಗಳೂರಿನ ತನಕ ಹೋಯಿತು. ಅದನ್ನು ಅಡಗಿಸುವಾಗ ದಿವಾನರು ನಿಂತದ್ದು ಕಂಪನಿಯ ಜೊತೆ. ಸಹಾಯ ಮಾಡಿದವರಿಗೆ ಬಂಗಾರದ, ಬೆಳ್ಳಿಯ ಪದಕ ಸಿಕ್ಕಿತು. ದಂಡಿನ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಎದುರು ಎಲ್ಲರಿಗೂ ಕಾಣುವ ಹಾಗೆ ಗಲ್ಲು ಆಯಿತು.

ಅಧಿಕಾರ ಬದಲಾದಾಗ ಆಡಳಿತ ಕೆಡದಂತೆ ಕಾದರು ಅಂತ ದಿವಾನರ ಪರವಾಗಿಯೂ ಹೇಳಬಹುದು. ರಾಜನ ಕಾಟದಿಂದ ಜನ ಬೇಸತ್ತಿದ್ದರು ಅನ್ನುವುದೂ ನಿಜ. ನನಗೆ ಕೋಪ ಇರುವುದು ಒಂದೇ ಕಾರಣಕ್ಕೆ. ಗೆದ್ದವರ ಕಡೆ ಇದ್ದವರು ‘ಮುತ್ಸದ್ದಿ’ ಆಗುತ್ತಾರೆ, ಸೋತವರು ‘ದಂಗೆಕೋರರು’ ಆಗುತ್ತಾರೆ. ಆ ಹಂಗಾಮಿನ ಕಂದಾಯವನ್ನು ಹಣದಲ್ಲೇ ಕಟ್ಟಬೇಕು ಅಂದಾಗ ರೈತನಿಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಬಾಣೆಮನೆ:
ಗಾಳಿಬೀಡು ಅಣ್ಣಾ, ಇದಕ್ಕೇ ನಾನು ಜಾಣತನವನ್ನು ಅಳತೆಯಿಂದ ಹೊರಗೆ ಇಟ್ಟಿದ್ದು. ಅಪ್ಪಯ್ಯ ಗೌಡರು ವೀರರು, ಅದರಲ್ಲಿ ಎರಡು ಮಾತಿಲ್ಲ. ವೀರನೂ ಮುತ್ಸದ್ದಿಯೂ ಬೇರೆ ಬೇರೆ. ವೀರ ಜೀವ ಕೊಡುತ್ತಾನೆ. ಮುತ್ಸದ್ದಿ ಬದುಕಿದ್ದು, ಎರಡೂ ಕಡೆಯವರ ಬೈಗುಳ ತಿಂದು, ಒಂದು ದಾರಿ ಹುಡುಕುತ್ತಾನೆ.

ಸುಬೇದಾರ್ ಮಾವ (ನಿವೃತ್ತ, ಗೋಣಿಕೊಪ್ಪ):
ಎರಡೂ ಕಡೆಯವರ ಬೈಗುಳ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಮಂತ್ರಿ, ದಿವಾನ ಅಂತಲೇ ಹುಡುಕುತ್ತಿದ್ದೀರಿ. ನಮ್ಮ ಜನರಲ್ ಕೊಡಂದೇರ ತಿಮ್ಮಯ್ಯನವರನ್ನು ಮರೆತುಬಿಟ್ಟಿರಾ?

1953ರ ಜುಲೈನಲ್ಲಿ ಕೊರಿಯಾ ಯುದ್ಧ ನಿಂತಿತು. ಆದರೆ ಒಂದು ದೊಡ್ಡ ತಲೆನೋವು ಉಳಿದಿತ್ತು. ಸೆರೆಸಿಕ್ಕ ಸಾವಿರಾರು ಜನ ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಅಂತ ಕೂತಿದ್ದರು. ಚೀನಾ ಮತ್ತು ಉತ್ತರ ಕೊರಿಯಾ ಕಡೆಯವರು 22,604 ಜನ, ಇನ್ನೊಂದು ಕಡೆಯವರು 359 ಜನ. ಅವರನ್ನು ನೋಡಿಕೊಳ್ಳಲು ಐದು ದೇಶಗಳ ಆಯೋಗ ಮಾಡಿದರು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಒಂದು ಕಡೆ ವಾಲುತ್ತಿದ್ದವು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ಅಂದರೆ ಹೆಚ್ಚು ಕಡಿಮೆ ಎಲ್ಲ ನಿರ್ಧಾರವೂ ಐದನೆಯವರ ಮೇಲೆ ಬೀಳುತ್ತಿತ್ತು. ಐದನೆಯವರು ಭಾರತ. ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ.

ಕಾವಲಿಗೆ ಹೋದದ್ದು ನಮ್ಮ ಭಾರತದ ಪಡೆ. ನನ್ನಂಥ ಹಳೆಯ ಸಿಪಾಯಿಗೆ ಇದರ ಕಷ್ಟ ಗೊತ್ತಾಗುತ್ತದೆ. ಶತ್ರು ಎದುರಿಗಿದ್ದರೆ ಏನು ಮಾಡಬೇಕು ಅಂತ ತರಬೇತಿಯಲ್ಲಿ ಕಲಿಸುತ್ತಾರೆ. ಇಲ್ಲಿ ಶತ್ರು ಇಲ್ಲ. ತಂತಿ ಬೇಲಿಯ ಒಳಗೆ ಸಿಟ್ಟಾದ ಸಾವಿರಾರು ಜನ, ಅವರಲ್ಲೇ ಗುಂಪು, ಗುಂಪಿನ ನಾಯಕರು, ‘ಊರಿಗೆ ಹೋಗುತ್ತೇನೆ’ ಅಂದವನಿಗೆ ಒಳಗೇ ಹೊಡೆತ. ಅವರ ಸರ್ಕಾರದವರು ಬಂದು ವಿವರಿಸಿ ಹೇಳಲು 90 ದಿನದ ಅವಕಾಶ ಇತ್ತು, ಅದೂ ಸರಿಯಾಗಿ ನಡೆಯಲಿಲ್ಲ. ದಕ್ಷಿಣ ಕೊರಿಯಾ ಸರ್ಕಾರ ನಮ್ಮವರನ್ನು ತನ್ನ ನೆಲದ ಮೇಲೆ ಕಾಲಿಡಲೂ ಬಿಡಲಿಲ್ಲ, ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಯಿತು. ಕೊನೆಗೆ 1954ರ ಜನವರಿಯಲ್ಲಿ ತಿಮ್ಮಯ್ಯ ಸೆರೆಯಾಳುಗಳನ್ನು ಯಾರು ಒಪ್ಪಿಸಿದ್ದರೋ ಅವರ ಕೈಗೇ ವಾಪಸ್ ಕೊಟ್ಟರು. ಅಮೆರಿಕದ ಕಡೆಗೂ ಬೇಸರ, ಚೀನಾ ಕಡೆಗೂ ಬೇಸರ. ಆದರೆ ಕದನವಿರಾಮ ಮುರಿಯಲಿಲ್ಲ.

1964ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ಮುಖ್ಯಸ್ಥರಾಗಿ ಹೋದರು. ಗ್ರೀಕರು ಮತ್ತು ತುರ್ಕರು ಒಬ್ಬರ ಮೇಲೊಬ್ಬರು ಬಂದೂಕು ಹಿಡಿದು ನಿಂತ ದ್ವೀಪ ಅದು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿ ಇದ್ದಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಚುನಾವಣೆಗೆ ನಿಲ್ಲಲಿಲ್ಲ, ಮಂತ್ರಿ ಆಗಲಿಲ್ಲ. ಇವರು ಮುತ್ಸದ್ದಿ ಅಲ್ಲದಿದ್ದರೆ ಇನ್ಯಾರು?

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದೂ ಒಂದು ಮಾತು. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಕಡೆಯಿಂದ ಮಗನಿಗೆ ವಿಶೇಷ ಸೌಲಭ್ಯದ ಮಾತು ಬಂತು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನಿಗೆ ಬೇರೆ ಏನೂ ಬೇಡ ಅಂದುಬಿಟ್ಟರು. ಅವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಸೋತರೂ ಅವರ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ.

ಕಾವೇರಿತೀರ (ಕುಶಾಲನಗರ):
ಸುಬೇದಾರ್ ಮಾವಾ, ತುಂಬಾ ಚೆನ್ನಾಗಿ ಬರೆದಿದ್ದೀರಿ. ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯ ಆಗಿದೆ, ಹೊರಗಿನಿಂದ ಬರುವವರು ರಾಜಾಸೀಟ್ ನೋಡಿ ಹಾಗೇ ಹೋಗಿಬಿಡುತ್ತಾರೆ, ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ಇಷ್ಟು ಹೊತ್ತು ಎಲ್ಲ ಗಂಡಸರ ಹೆಸರೇ ಬಂತು. ಮುತ್ಸದ್ದಿಗೆ ಇಂಗ್ಲಿಷಿನಲ್ಲಿ ಸ್ಟೇಟ್ಸ್‌ಮನ್ ಅಂತಾರೆ, ಆ ಮಾತಿನಲ್ಲೇ ಗಂಡಸು ಕೂತಿದ್ದಾನೆ. ನಮ್ಮ ‘ಮುತ್ಸದ್ದಿ’ಗೆ ಆ ಕಟ್ಟು ಇಲ್ಲ. ಹಾಗಿದ್ದರೂ ಹೆಂಗಸರಿಗೆ ಅದನ್ನು ಬಳಸುವುದು ಕಮ್ಮಿ. ಮೇಷ್ಟ್ರು ಪೂರ್ಣಯ್ಯನವರ ಬಗ್ಗೆ ಹೇಳಿದರು. ಆ ಕಥೆಯಲ್ಲೇ ಮಹಾರಾಣಿ ಲಕ್ಷ್ಮಮ್ಮಣ್ಣಿ ಇದ್ದಾರೆ. ಅರಮನೆಯ ಒಳಗೆ ಕಾವಲಿನಲ್ಲಿದ್ದುಕೊಂಡೇ, ತಮ್ಮ ಪ್ರತಿನಿಧಿ ತಿರುಮಲರಾಯರ ಮೂಲಕ ಇಂಗ್ಲಿಷರ ಜೊತೆ ವರ್ಷಗಟ್ಟಲೆ ಮಾತುಕತೆ ನಡೆಸಿದರು. ಸಿಕ್ಕಿಬಿದ್ದರೆ ತಲೆ ಉಳಿಯುತ್ತಿರಲಿಲ್ಲ. ಕೊನೆಗೆ ಮೊಮ್ಮಗ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಸಿಕ್ಕಿತು. ದಿವಾನರ ಹೆಸರು ಎಲ್ಲರಿಗೂ ಗೊತ್ತು, ಆ ಅಜ್ಜಿಯ ಹೆಸರು ಎಷ್ಟು ಜನರಿಗೆ ಗೊತ್ತು ಹೇಳಿ?

ಇನ್ನೊಂದು. ಸ್ಟೇಟ್ಸ್‌ಮನ್ ಅಂದರೆ ನಮ್ಮಪ್ಪನಿಗೆ ಪೇಪರ್ ನೆನಪಾಗುತ್ತದೆ. 1875ರಲ್ಲಿ ರಾಬರ್ಟ್ ನೈಟ್ ಕಲ್ಕತ್ತಾದಲ್ಲಿ ಶುರು ಮಾಡಿದ್ದು. 1943ರ ಬಂಗಾಳದ ಬರಗಾಲದಲ್ಲಿ ಸರ್ಕಾರ ಕ್ಷಾಮ ಅನ್ನುವ ಮಾತನ್ನೇ ಮುಚ್ಚಿಡುತ್ತಿತ್ತು. ಇಯಾನ್ ಸ್ಟೀಫನ್ಸ್ ಅನ್ನುವ ಸಂಪಾದಕರು ಆಗಸ್ಟ್‌ನಲ್ಲಿ ಬೀದಿಯಲ್ಲಿ ಹಸಿದು ಬಿದ್ದ ಜನರ ಫೋಟೋಗಳನ್ನೇ ಹಾಕಿಬಿಟ್ಟರು. ಇಂಗ್ಲಿಷರ ಪೇಪರ್, ಇಂಗ್ಲಿಷ್ ಸಂಪಾದಕ, ಇಂಗ್ಲಿಷ್ ಸರ್ಕಾರ. ಆದರೂ ಹಾಕಿದರು. ಬಾಣೆಮನೆ ಅಣ್ಣನ ಅಳತೆಗೆ ಇದು ಸರಿಯಾಗಿ ಕೂರುತ್ತದೆ.

ಕಾರ್ಲೈಲ್‌ನಿಂದ (ಮೂಲ ನಾಪೋಕ್ಲು):
ನಾನು ಇಲ್ಲಿ ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ಸ್ಕಾಟ್ಲೆಂಡ್ ಗಡಿ ಹತ್ತಿರ ನರ್ಸ್ ಆಗಿದ್ದೇನೆ. ಈ ಕಡೆಯ ಹಳ್ಳಿಗಳಲ್ಲಿ ಸ್ಟೇಟ್ಸ್‌ಮನ್ ಅಂದರೆ ಮಂತ್ರಿ ಅಲ್ಲ. ರೈತ! ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸ್ವಂತ ತುಂಡು ಭೂಮಿ ಇಟ್ಟುಕೊಂಡು ತಲೆತಲಾಂತರದಿಂದ ಅದರಲ್ಲೇ ದುಡಿಯುವ ಸಣ್ಣ ಹಿಡುವಳಿದಾರನಿಗೆ ಇಲ್ಲಿನ ಹಳೆಯ ಹೆಸರು ಅದು. ಹಳೆಯ ಕಲ್ಲಿನ ತೋಟದ ಮನೆಗಳನ್ನು ಈಗಲೂ ‘ಸ್ಟೇಟ್ಸ್‌ಮನ್ ಮನೆ’ ಅಂತಾರೆ.

ನನಗೆ ಮೈ ಜುಮ್ಮೆಂದದ್ದು ಆ ಭೂಮಿ ಹಕ್ಕಿನ ವಿಷಯ ತಿಳಿದಾಗ. ಗಡಿಯಲ್ಲಿ ಸ್ಕಾಟ್‌ಗಳ ದಾಳಿ ಇತ್ತು. ಕರೆ ಬಂದ ಕೂಡಲೇ ಆಯುಧ ಹಿಡಿದು ಗಡಿಗೆ ಹೋಗಬೇಕು, ಖರ್ಚು ತನ್ನದೇ. ಅದಕ್ಕೆ ಬದಲಾಗಿ ಭೂಮಿ ಅವನ ಮನೆತನದಲ್ಲೇ ಉಳಿಯುತ್ತದೆ, ಬಾಡಿಗೆ ಕಮ್ಮಿ, ಮಕ್ಕಳಿಗೆ ಹೋಗುತ್ತದೆ. ಇದು ನಮ್ಮ ಜಮ್ಮಾ ಅಲ್ವಾ? ರಾಜನಿಗೆ ದಂಡಿನ ಸೇವೆ, ಅದಕ್ಕೆ ಜಮ್ಮಾ ಗದ್ದೆ, ಪೂರ್ತಿ ಕಂದಾಯ ಕಟ್ಟುವ ‘ಸಾಗು’ ಭೂಮಿಯ ಅರ್ಧದಷ್ಟೇ ಕಂದಾಯ, ಗದ್ದೆಯ ಜೊತೆಗೆ ಸೊಪ್ಪಿಗೆ, ಸೌದೆಗೆ, ದನ ಮೇಯಿಸಲು ಬಾಣೆ. ಎರಡು ಬೆಟ್ಟದ ನಾಡುಗಳು, ಒಂದಕ್ಕೊಂದು ಗೊತ್ತೇ ಇಲ್ಲದೆ ಒಂದೇ ಥರದ ಏರ್ಪಾಡು ಮಾಡಿಕೊಂಡಿದ್ದವು.

ಮುಂದಿನದು ಇನ್ನೂ ಹತ್ತಿರದ್ದು. 1603ರಲ್ಲಿ ಎರಡೂ ದೇಶಕ್ಕೆ ಒಬ್ಬನೇ ರಾಜ ಆದ, ಒಂದನೇ ಜೇಮ್ಸ್. ಗಡಿಯೇ ಇಲ್ಲ ಅಂದಮೇಲೆ ಗಡಿ ಸೇವೆ ಎಲ್ಲಿ, ಸೇವೆ ಇಲ್ಲದ ಮೇಲೆ ಹಕ್ಕು ಎಲ್ಲಿ ಅಂತ ರಾಜನೂ ಜಮೀನ್ದಾರರೂ ಕೇಳಿದರು. ರೈತರು ಬಿಡಲಿಲ್ಲ, ಕೋರ್ಟಿನಲ್ಲಿ ಹೋರಾಡಿದರು, ಹಕ್ಕು ಉಳಿಸಿಕೊಂಡರು. ನಮ್ಮ ಜಮ್ಮಾ ಬಾಣೆ ಕೇಸುಗಳಲ್ಲಿ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯಿತಿಯ ಕೇಸಿನಲ್ಲಿ ಇದೇ ಪ್ರಶ್ನೆ ತಾನೇ ಬಂದದ್ದು? ರಾಜ ಇಲ್ಲ, ದಂಡು ಇಲ್ಲ, ನಿಮಗೆ ಯಾಕೆ ಈ ಹಕ್ಕು ಅಂತ.

1801ರಲ್ಲಿ ಕವಿ ವರ್ಡ್ಸ್‌ವರ್ತ್ ಈ ರೈತರ ಬಗ್ಗೆ ಒಂದು ಕಾಗದ ಬರೆದರು. ಬರೆದದ್ದು ಚಾರ್ಲ್ಸ್ ಜೇಮ್ಸ್ ಫಾಕ್ಸ್‌ಗೆ, ಆಗಿನ ದೊಡ್ಡ ರಾಜಕಾರಣಿ. ಅಂದರೆ ಒಂದು ಅರ್ಥದ ಸ್ಟೇಟ್ಸ್‌ಮನ್‌ಗೆ ಇನ್ನೊಂದು ಅರ್ಥದ ಸ್ಟೇಟ್ಸ್‌ಮನ್‌ಗಳ ಕಷ್ಟ ಹೇಳಿಕೊಂಡದ್ದು. ಅವರ ತುಂಡು ಭೂಮಿಯ ಸುತ್ತಲೇ ಮನೆಯವರ ಪ್ರೀತಿಯೆಲ್ಲ ಬಂದು ಕೂಡುತ್ತದೆ, ಈ ಜನ ಬೇಗ ಬೇಗ ಕಾಣೆಯಾಗುತ್ತಿದ್ದಾರೆ ಅನ್ನುವುದು ಅದರ ಸಾರ. ಓದಿದಾಗ ನಮ್ಮ ಐನ್‌ಮನೆ, ಅಂದರೆ ಮನೆತನದ ಮೂಲ ಮನೆ, ಅದನ್ನು ಬಿಟ್ಟು ಬೇರೆ ಏನೂ ಕಣ್ಣ ಮುಂದೆ ಬರಲಿಲ್ಲ. ವರ್ಷಕ್ಕೊಮ್ಮೆ ಕಾರಣರಿಗೆ (ತೀರಿಕೊಂಡ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವಾಗ ಮಾತ್ರ ಬಾಗಿಲು ತೆಗೆಯುವ ಐನ್‌ಮನೆಗಳು ಎಷ್ಟಿವೆ ಈಗ!

ಬಾಣೆಮನೆ:
ತಂಗೀ, ಇದು ನನಗೆ ಪೂರ್ತಿ ಹೊಸದು. ನಮ್ಮ ಒಕ್ಕದ (ಮನೆತನದ) ಹಿರಿಯ, ಪಟ್ಟೇದಾರರಿಗೆ ಇವತ್ತೇ ಓದಿ ಹೇಳುತ್ತೇನೆ. ನಮ್ಮಲ್ಲಿ ಊರು ತಕ್ಕರು, ನಾಡು ತಕ್ಕರು ಅಂತ ಮುಖ್ಯಸ್ಥರು ಇದ್ದಾರಲ್ಲ, ಅವರೂ ಇದೇ ಥರ. ಭೂಮಿ ಹಿಡಿದು ದುಡಿಯುವವರೇ, ಜೊತೆಗೆ ಊರಿನ ಜಗಳ ಬಗೆಹರಿಸುವವರು. ಬೇಲಿ ಜಗಳ ಒಂದು ತಲೆಮಾರು ಮುಂದಕ್ಕೆ ಹೋಗದಂತೆ ಮಾಡುವುದೂ ರಾಜಕಾರಣವೇ.

ಗಾಳಿಬೀಡು:
ಚೆನ್ನಾಗಿದೆ ತಂಗೀ. ಆದರೆ ಹೋಲಿಕೆ ಒಂದು ಕಡೆ ನಿಲ್ಲಬೇಕು. ಅಲ್ಲಿಯ ಆ ರೈತ ತನ್ನ ಹೊಲದಲ್ಲಿ ತಾನೇ ದುಡಿಯುತ್ತಿದ್ದ ಅಂದಿರಿ. ಇಲ್ಲಿ ಜಮ್ಮಾ ಗದ್ದೆಯಲ್ಲಿ ಎರವ ಬುಡಕಟ್ಟಿನವರೂ ಇತರರೂ ದುಡಿದರು. ‘ಜಮ್ಮದ ಆಳು’ ಅಂತಲೇ ಹೆಸರಿತ್ತು, ಭೂಮಿಯ ಜೊತೆಗೇ ಆಳೂ ವಂಶಕ್ಕೆ ಬರುತ್ತಿದ್ದ. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಇವತ್ತಿಗೂ ಎಸ್ಟೇಟಿನವರು ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲೇ ಇದ್ದಾರೆ, ಅರ್ಧ ಸೆಂಟ್ ಜಾಗ ಇಲ್ಲ. ಜಮ್ಮಾ ಹಕ್ಕು ಉಳಿಯಬೇಕು ಅಂತ ನಾನೂ ಹೇಳುತ್ತೇನೆ. ಅದನ್ನು ಹೇಳುವ ಬಾಯಿಯಲ್ಲೇ ಇವರ ಮನೆ ಜಾಗದ ವಿಷಯವನ್ನೂ ಹೇಳುವ ನಾಯಕ ಬೇಕು. ನಮ್ಮ ಜಿಲ್ಲೆಯಲ್ಲಿ ಓಟು ಕಳೆದುಕೊಳ್ಳುವ ಭಯ ಇಲ್ಲದೆ ಈ ಎರಡೂ ಮಾತನ್ನು ಒಂದೇ ವೇದಿಕೆಯಲ್ಲಿ ಆಡುವವರು ಯಾರು? ಅವರಿಗೆ ನಾನು ಆ ಬಿರುದು ಕೊಡುತ್ತೇನೆ.

ಕಾರ್ಲೈಲ್‌ನಿಂದ:
ನಿಮ್ಮ ಮಾತು ಸರಿ ಅಣ್ಣಾ. ನಮ್ಮ ಮನೆ ಗದ್ದೆಯಲ್ಲಿ ನಾಟಿ ಮಾಡಿದ ಪಣಿ ಎರವರ ಅಜ್ಜಿಯನ್ನು ನೋಡಿಯೇ ಬೆಳೆದವಳು ನಾನು.

ಸೋಮವಾರಪೇಟೆ ಮೇಷ್ಟ್ರು:
ಮೊದಲಿನ ಪ್ರಶ್ನೆಗೆ ಬರುತ್ತೇನೆ. ಪೂಣಚ್ಚನವರ ವಿಷಯ ಮಾತಾಡುವಾಗ ಎದುರಿನ ಬೆಂಚನ್ನು ಯಾರೂ ನೋಡಲಿಲ್ಲ. 24ರಲ್ಲಿ 15 ಕಾಂಗ್ರೆಸ್, ಸರಿ. ಉಳಿದ 9 ಯಾರು? ತಕ್ಕಡಿ ಪಕ್ಷ. ತಕ್ಕಡಿ ಅವರ ಚುನಾವಣಾ ಚಿಹ್ನೆ, ಅದೇ ಹೆಸರಾಯಿತು. ನಾಯಕರು ಪಂದ್ಯಂಡ ಬೆಳ್ಯಪ್ಪ, ಗಾಂಧಿವಾದಿ. ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕು ಅಂತ ಅವರ ವಾದ. ಗಮನಿಸಿ, ಸ್ವಾತಂತ್ರ್ಯ ಹೋರಾಟದಿಂದಲೇ ಬಂದ ಮನುಷ್ಯ ಕಾಂಗ್ರೆಸ್ಸಿನ ಎದುರು ನಿಂತದ್ದು. ಅಧಿಕಾರ ಬೇಕಿದ್ದರೆ ಗೆಲ್ಲುವ ಕಡೆ ಇರುವುದು ಸುಲಭವಾಗಿತ್ತು.

ರಾಜ್ಯಗಳ ಮರುವಿಂಗಡಣೆಗೆ ಮಾಡಿದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಸಣ್ಣ ರಾಜ್ಯ ತನ್ನ ಕಾಲ ಮೇಲೆ ನಿಲ್ಲುವುದು ಕಷ್ಟ, ಭಾಷೆ, ವ್ಯಾಪಾರ ಎಲ್ಲ ಕರ್ನಾಟಕದ ಕಡೆಗೇ ಇದೆ ಅನ್ನುವ ವಾದ ಗೆದ್ದಿತು. ನನಗೂ ಅದು ಸರಿ ಅನ್ನಿಸುತ್ತದೆ. ಕನ್ನಡ ಮಾತಾಡುವ ನಮ್ಮ ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಆಗ ಒಂದಾಗುವ ಸಂತೋಷ ನಿಜವಾಗಿ ಇತ್ತು. ಆದರೆ ಏಲಕ್ಕಿ ಹುಡುಗ ಹೇಳಿದ ಆ ಎರಡು ಸ್ಥಾನದ ನೋವಿದೆಯಲ್ಲ, ದೊಡ್ಡ ರಾಜ್ಯದೊಳಗೆ ನಮ್ಮ ದನಿ ಸಣ್ಣದಾಗುತ್ತದೆ ಅನ್ನುವ ಭಯ ಅಂದೇ ಇತ್ತು, ಅದು ಸುಳ್ಳಾಗಲಿಲ್ಲ. ಮುಂದಿನದನ್ನು ನೋಡಬಲ್ಲವನು ಮುತ್ಸದ್ದಿ ಅನ್ನುವುದಾದರೆ, ಸೋತ ಬೆಳ್ಯಪ್ಪನವರಿಗೂ ಆ ಹೆಸರು ಸಲ್ಲಬೇಕು.

ಬಾಣೆಮನೆ:
ಮೇಷ್ಟ್ರೇ, ಒಪ್ಪಿದೆ. ಪೂಣಚ್ಚ ಕುರ್ಚಿಯನ್ನು ಪಣಕ್ಕಿಟ್ಟರು, ಬೆಳ್ಯಪ್ಪ ತಮ್ಮದೇ ಹಳೆಯ ಪಕ್ಷದ ಸ್ನೇಹವನ್ನು. ನನ್ನ ಅಳತೆಯಲ್ಲಿ ಇಬ್ಬರೂ ಪಾಸು. ಒಂದೇ ಪುಟ್ಟ ಸಭೆಯಲ್ಲಿ ಎದುರುಬದುರು ಇಂಥ ಇಬ್ಬರು ಕೂತಿದ್ದರು ಅನ್ನುವುದೇ ನನಗೆ ಹೆಮ್ಮೆ.

ಏಲಕ್ಕಿ ಹುಡುಗ:
ಬೆಳ್ಯಪ್ಪನವರ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ಪೂಣಚ್ಚನವರ ವಿಷಯದಲ್ಲಿ ಇನ್ನೂ ಇಲ್ಲ ಅಣ್ಣಾ. ಸೇರುವಾಗ ಕೊಡಗಿಗೆ ಇಂತಿಷ್ಟು ಸ್ಥಾನ, ಇಂಥ ರಕ್ಷಣೆ ಅಂತ ಗಟ್ಟಿಯಾಗಿ ಬರೆಸಿಕೊಂಡಿದ್ದರೆ ನಾನೂ ನಿಮ್ಮ ಜೊತೆ ನಿಲ್ಲುತ್ತಿದ್ದೆ. ಮುತ್ಸದ್ದಿ ಆದವನು ಬಿಟ್ಟುಕೊಡುವಾಗಲೂ ತನ್ನ ಜನರಿಗಾಗಿ ಏನಾದರೂ ಕೇಳಿ ತರಬೇಕು. 1952ರಿಂದ 56ರವರೆಗಿನ ಆ ಸಭೆಯ ಚರ್ಚೆಗಳನ್ನು ಮೇಷ್ಟ್ರು ಓದಿದ್ದರೆ, ಇಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಹಾಕಿ. ನಮ್ಮ ವಯಸ್ಸಿನವರು ಅದನ್ನು ಓದಿಯೇ ಇಲ್ಲ.

ಸೋಮವಾರಪೇಟೆ ಮೇಷ್ಟ್ರು:
ಹಾಕುತ್ತೇನೆ ತಮ್ಮಾ. ಬೇರೆ ಚರ್ಚೆ ತೆರೆಯೋಣ, ಇದು ಉದ್ದ ಆಯಿತು. ಹಳೆಯ ಸದಸ್ಯರ ಮನೆಗಳಲ್ಲಿ ಭಾಷಣದ ಪ್ರತಿ, ಪೇಪರ್ ತುಣುಕು ಯಾರ ಹತ್ತಿರ ಇದ್ದರೂ ಫೋಟೋ ತೆಗೆದು ಕಳುಹಿಸಿ, ತಕ್ಕಡಿ ಕಡೆಯದು ಸಿಕ್ಕರೆ ಇನ್ನೂ ಒಳ್ಳೆಯದು.